ವಿದ್ಯುತ್ ಗೀಸರ್: ವ್ಯಾಟ್ ಮತ್ತು ಯೂನಿಟ್

ವಿದ್ಯುತ್ ಗೀಸರ್ ಎಂದರೆ ರೋಧತಂತಿಯಲ್ಲಿ ವಿದ್ಯುತ್ ಹರಿಯುವಾಗ ಹುಟ್ಟುವ ಶಾಖದಿಂದ ನೀರು ಕಾಯಿಸುವ ಗೃಹೋಪಯೋಗಿ ಸಾಧನ. ಅದರ ಮೇಲೆ ನಮೂದಾಗಿರುವ ವ್ಯಾಟ್ ಸಂಖ್ಯೆ ನೀರು ಎಷ್ಟು ಬೇಗ ಕಾಯುತ್ತದೆ ಎಂಬುದನ್ನು ತಿಳಿಸುತ್ತದೆ. ತಿಂಗಳ ಬಿಲ್ಲಿನಲ್ಲಿ ಕಾಣುವ ಯೂನಿಟ್ ಸಂಖ್ಯೆ ಎಷ್ಟು ನೀರು, ಎಷ್ಟು ಡಿಗ್ರಿ ಕಾದಿತು ಎಂಬುದನ್ನು ತಿಳಿಸುತ್ತದೆ. ಕಡಿಮೆ ವ್ಯಾಟಿನ ಗೀಸರ್ ಕೊಂಡರೆ ಕರೆಂಟು ಉಳಿಯುತ್ತದೆ ಎಂಬ ನಂಬಿಕೆ ಬಹಳ ಹರಡಿದೆ. ಈ ಎರಡು ಅಳತೆಗಳು ಬೆರೆತುಹೋಗುವುದರಿಂದ ಅದು ಹುಟ್ಟಿದೆ.

ಪರಿಭಾಷೆ

ಸಾಮರ್ಥ್ಯ ಎಂದರೆ ಒಂದು ಸೆಕೆಂಡಿನಲ್ಲಿ ಬಳಕೆಯಾಗುವ ಶಕ್ತಿ. ಅದರ ಮಾನ ವ್ಯಾಟ್. ಸೆಕೆಂಡಿಗೆ ಒಂದು ಜೂಲ್ ಶಕ್ತಿ ಖರ್ಚಾದರೆ ಅದು ಒಂದು ವ್ಯಾಟ್, ಸಾವಿರ ವ್ಯಾಟ್ ಸೇರಿದರೆ ಒಂದು ಕಿಲೋವ್ಯಾಟ್. ಸಾಮರ್ಥ್ಯವನ್ನು ಕಾಲದಿಂದ ಗುಣಿಸಿದರೆ ಬಳಕೆಯಾದ ಶಕ್ತಿ ಸಿಗುತ್ತದೆ. ಒಂದು ಕಿಲೋವ್ಯಾಟಿನ ಸಾಧನ ಒಂದು ಗಂಟೆ ನಡೆದರೆ ಒಂದು ಕಿಲೋವ್ಯಾಟ್-ಗಂಟೆ ಶಕ್ತಿ ಬೇಕು. ಮೀಟರಿನಲ್ಲೂ ಬಿಲ್ಲಿನಲ್ಲೂ ಯೂನಿಟ್ ಎನ್ನುವುದು ಇದನ್ನೇ. ಒಂದು ಯೂನಿಟ್ 36 ಲಕ್ಷ ಜೂಲ್, ಅಂದರೆ ಸುಮಾರು 860 ಕಿಲೋಕ್ಯಾಲೊರಿ. ಈ ಲೇಖನದಲ್ಲಿ ಸಾಮರ್ಥ್ಯ ಎಂಬುದನ್ನು ವ್ಯಾಟಿಗೆ ಮಾತ್ರ ಬಳಸಿದೆ. ಟ್ಯಾಂಕಿನಲ್ಲಿ ಹಿಡಿಯುವ ನೀರನ್ನು ಲೀಟರ್ ಅಳತೆ ಎಂದು ಕರೆದಿದೆ.

ಹಿನ್ನೆಲೆ

ತಂತಿಯಲ್ಲಿ ವಿದ್ಯುತ್ ಹರಿದಾಗ ಹುಟ್ಟುವ ಶಾಖವನ್ನು ಮೊದಲು ಕ್ರಮಬದ್ಧವಾಗಿ ಅಳೆದವನು ಇಂಗ್ಲೆಂಡಿನ ಜೇಮ್ಸ್ ಪ್ರೆಸ್ಕಾಟ್ ಜೂಲ್. ಸುರುಳಿ ಸುತ್ತಿದ ತಂತಿಯನ್ನು ನೀರಿನ ಪಾತ್ರೆಯಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ, ನೀರಿನ ಉಷ್ಣತೆ ಎಷ್ಟು ಏರಿತೆಂದು ಥರ್ಮಾಮೀಟರಿನಿಂದ ನೋಡಿದ. ಹುಟ್ಟುವ ಶಾಖವು ತಂತಿಯ ರೋಧಕ್ಕೂ ವಿದ್ಯುತ್ ಪ್ರವಾಹದ ವರ್ಗಕ್ಕೂ ಅನುಪಾತದಲ್ಲಿರುತ್ತದೆ ಎಂಬ ಫಲಿತಾಂಶ 1841ರಲ್ಲಿ ಪ್ರಕಟವಾಯಿತು. ಇಂದು ಬಕೆಟ್ಟಿನಲ್ಲಿ ಇಳಿಬಿಡುವ ಹೀಟರ್ ರಾಡಿನ ಏರ್ಪಾಡಿಗೂ ಆ ಪ್ರಯೋಗದ ಏರ್ಪಾಡಿಗೂ ತತ್ತ್ವದಲ್ಲಿ ಭೇದವಿಲ್ಲ. ಸಾಮರ್ಥ್ಯದ ಮಾನಕ್ಕೆ ಜೇಮ್ಸ್ ವ್ಯಾಟನ ಹೆಸರಿಡುವ ಸೂಚನೆ ಬಂದದ್ದು 1882ರಲ್ಲಿ.

ತತ್ತ್ವ ತಿಳಿದಿದ್ದರೂ ಸಾಧನ ಮನೆಮನೆಗೆ ಬರಲು ಬಹುಕಾಲ ಹಿಡಿಯಿತು. ಕೆಂಪಗೆ ಕಾದ ಕಬ್ಬಿಣದ ತಂತಿ ಗಾಳಿಯ ಆಮ್ಲಜನಕಕ್ಕೆ ಸಿಕ್ಕಿ ಬೇಗ ಸವೆಯುತ್ತಿತ್ತು, ಪ್ಲಾಟಿನಂ ತಂತಿ ಸಾಮಾನ್ಯರ ಕೈಗೆ ಎಟುಕುತ್ತಿರಲಿಲ್ಲ. 1906ರಲ್ಲಿ ಅಮೆರಿಕದ ಆಲ್ಬರ್ಟ್ ಮಾರ್ಷ್ ನಿಕ್ಕಲ್-ಕ್ರೋಮಿಯಂ ಮಿಶ್ರಲೋಹಕ್ಕೆ ಪೇಟೆಂಟ್ ಪಡೆದ. ನೈಕ್ರೋಮ್ ಎಂದು ಹೆಸರಾದ ಈ ಲೋಹದ ರೋಧಶೀಲತೆ ತಾಮ್ರದ್ದಕ್ಕಿಂತ 60 ಪಟ್ಟಿಗೂ ಹೆಚ್ಚು. ಕಾದಾಗ ಇದರ ಮೇಲೆ ಕ್ರೋಮಿಯಂ ಆಕ್ಸೈಡಿನ ತೆಳುಪದರ ಕೂತು ಒಳಗಿನ ಲೋಹವನ್ನು ಕಾಪಾಡುತ್ತದೆ. ಇಸ್ತ್ರಿಪೆಟ್ಟಿಗೆ, ಟೋಸ್ಟರ್, ಗೀಸರ್, ಕೊಠಡಿ ಹೀಟರ್ ಎಲ್ಲವೂ ಈ ತಂತಿಯಿಂದ ಸಾಧ್ಯವಾದವು.

ಗೀಸರ್ ಎಂಬ ಹೆಸರು ವಿದ್ಯುತ್ತಿಗಿಂತ ಹಳೆಯದು. 1868ರಲ್ಲಿ ಲಂಡನ್ನಿನ ಬೆಂಜಮಿನ್ ವಾಡಿ ಮಾನ್ ರೂಪಿಸಿದ, ಅನಿಲದಿಂದ ಉರಿಯುವ ನೀರಿನ ಬಾಯ್ಲರಿಗೆ ಆ ಹೆಸರಿತ್ತು. 1889ರಲ್ಲಿ ಎಡ್ವಿನ್ ರೂಡ್ ಅಮೆರಿಕದಲ್ಲಿ ತಾನಾಗಿಯೇ ಹೊತ್ತಿ ಆರುವ ಟ್ಯಾಂಕಿನ ಬಾಯ್ಲರ್ ತಯಾರಿಸಿದ. ಮೈಸೂರು ಸಂಸ್ಥಾನದಲ್ಲಿ 1902ರಲ್ಲಿ ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿಗೆ ಹರಿಯಿತು, 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಹೊತ್ತಿದವು. ಆದರೂ ಬಚ್ಚಲುಮನೆಯಲ್ಲಿ ಸೌದೆ ಒಲೆಯೂ ತಾಮ್ರದ ಹಂಡೆಯೂ ಮುಂದೆ ಹಲವು ದಶಕ ಉಳಿದುಕೊಂಡವು, ಮಲೆನಾಡಿನ ಅನೇಕ ಮನೆಗಳಲ್ಲಿ ಇಂದಿಗೂ ಇವೆ.

ರಚನೆ

ಟ್ಯಾಂಕಿನ ಗೀಸರಿನಲ್ಲಿ ಒಳಗೆ ಒಂದು ಲೋಹದ ತೊಟ್ಟಿ, ಅದರ ಸುತ್ತ ಪಿಯುಎಫ್ ಫೋಮಿನ ಶಾಖನಿರೋಧಕ ಹೊದಿಕೆ, ಹೊರಗೆ ಕವಚ. ತಣ್ಣೀರು ಕೆಳಭಾಗದಲ್ಲಿ ಒಳಬರುತ್ತದೆ. ಕಾದ ನೀರು ಹಗುರಾಗಿ ಮೇಲೇರಿ, ಮೇಲ್ಭಾಗದಲ್ಲಿ ಬಾಯಿ ತೆರೆದಿರುವ ಕೊಳವೆಯಿಂದ ಹೊರಹೋಗುತ್ತದೆ. ಕಾಯಿಸುವ ಭಾಗಕ್ಕೆ ಎಲೆಕ್ಟ್ರಿಷಿಯನ್ನರು ಕಾಯಿಲ್ ಎನ್ನುತ್ತಾರೆ. ತಾಮ್ರ ಅಥವಾ ನಿಕ್ಕಲ್ ಮಿಶ್ರಲೋಹದ ಕೊಳವೆ, ಅದರ ನಡುವೆ ನೈಕ್ರೋಮ್ ಸುರುಳಿ, ಎರಡರ ನಡುವೆ ಒತ್ತಿ ತುಂಬಿದ ಮೆಗ್ನೀಸಿಯಂ ಆಕ್ಸೈಡ್ ಪುಡಿ: ಇಷ್ಟೇ ಅದರ ರಚನೆ. ಈ ಪುಡಿ ಶಾಖವನ್ನು ಹೊರಗೆ ಬಿಡುತ್ತದೆ, ವಿದ್ಯುತ್ತನ್ನು ಬಿಡುವುದಿಲ್ಲ.

ನೀರು ನಿಗದಿತ ಉಷ್ಣತೆ ಮುಟ್ಟಿದಾಗ ಥರ್ಮೋಸ್ಟ್ಯಾಟ್ ಕಾಯಿಲನ್ನು ಆರಿಸುತ್ತದೆ. ಅದು ಕೈಕೊಟ್ಟರೆ ಥರ್ಮಲ್ ಕಟೌಟ್ ಕೆಲಸ ಮಾಡುತ್ತದೆ. ಅದೂ ವಿಫಲವಾಗಿ ಒತ್ತಡ ಏರಿದರೆ ಸುರಕ್ಷತಾ ವಾಲ್ವ್ ನೀರನ್ನು ಹೊರಹಾಕುತ್ತದೆ. ಮೆಗ್ನೀಸಿಯಂ ಸಲಾಕೆಯೊಂದು ತಾನು ಸವೆಯುತ್ತ ತೊಟ್ಟಿಗೆ ತುಕ್ಕು ಹಿಡಿಯದಂತೆ ತಡೆಯುತ್ತದೆ.

ಸಾಮಾನ್ಯ ಗೀಸರೊಂದರ ಬದಿಯ ಫಲಕವನ್ನು ಓದಿದರೆ 15 ಲೀಟರ್, 230 ವೋಲ್ಟ್, 50 ಹರ್ಟ್ಸ್, 2,000 ವ್ಯಾಟ್, 0.8 ಮೆಗಾಪಾಸ್ಕಲ್ ಎಂದಿರುತ್ತದೆ. ಕೊನೆಯ ಸಂಖ್ಯೆ ತೊಟ್ಟಿ ತಾಳುವ ಒತ್ತಡವನ್ನು ಸೂಚಿಸುತ್ತದೆ. ಎತ್ತರದ ಅಪಾರ್ಟ್‌ಮೆಂಟಿನ ಕೆಳಮಹಡಿಗಳಲ್ಲಿ ಅದಕ್ಕೆ ಮಹತ್ವವಿದೆ. ಉಳಿದ ಸಂಖ್ಯೆಗಳಿಂದ ಇನ್ನೆರಡನ್ನು ಲೆಕ್ಕ ಹಾಕಬಹುದು. 2,000ವನ್ನು 230ರಿಂದ ಭಾಗಿಸಿದರೆ 8.7 ಆಂಪಿಯರ್, ಅದು ಗೀಸರ್ ಎಳೆಯುವ ಪ್ರವಾಹ. 230ರ ವರ್ಗವನ್ನು 2,000ದಿಂದ ಭಾಗಿಸಿದರೆ ಸುಮಾರು 26 ಓಮ್, ಅದು ಕಾಯಿಲಿನ ರೋಧ. ಕಾಯಿಲ್ ಸುಟ್ಟಿದೆಯೇ ಎಂದು ಮಲ್ಟಿಮೀಟರಿನಲ್ಲಿ ನೋಡುವ ಎಲೆಕ್ಟ್ರಿಷಿಯನ್ ಹುಡುಕುವುದು ಈ 26ರ ಆಸುಪಾಸಿನ ಸಂಖ್ಯೆಯನ್ನು.

ಬಗೆಗಳು

ಎಲ್ಲಕ್ಕಿಂತ ಅಗ್ಗವಾದದ್ದು ಬಕೆಟ್ಟಿನಲ್ಲಿ ಮುಳುಗಿಸುವ ಹೀಟರ್ ರಾಡ್; 1,000, 1,500 ಮತ್ತು 2,000 ವ್ಯಾಟಿನವು ಸಿಗುತ್ತವೆ. ಇದರಲ್ಲಿ ಸಾಮಾನ್ಯವಾಗಿ ಥರ್ಮೋಸ್ಟ್ಯಾಟ್ ಇರುವುದಿಲ್ಲ, ಆರಿಸುವವರು ಮರೆತರೆ ನೀರು ಕುದಿಯುತ್ತಲೇ ಇರುತ್ತದೆ. ಇನ್‌ಸ್ಟಂಟ್ ಗೀಸರಿನ ತೊಟ್ಟಿ ಒಂದರಿಂದ ಮೂರು ಲೀಟರಿನದು, ಸಾಮರ್ಥ್ಯ ಹೆಚ್ಚಾಗಿ 3,000 ವ್ಯಾಟ್. ನೀರು ಹರಿಯುತ್ತಿರುವಾಗಲೇ ಕಾಯುತ್ತದೆ. ಟ್ಯಾಂಕಿನ ಗೀಸರ್ 6 ಲೀಟರಿನಿಂದ ಮೊದಲಾಗಿ 10, 15, 25, 35, 50 ಲೀಟರ್ ಅಳತೆಗಳಲ್ಲಿ ಬರುತ್ತದೆ; ಮನೆಬಳಕೆಯವುಗಳಲ್ಲಿ ಲೀಟರ್ ಹೆಚ್ಚಿದರೂ ಸಾಮರ್ಥ್ಯ ಬಹುಪಾಲು 2,000 ವ್ಯಾಟೇ. ಆದ್ದರಿಂದ ದೊಡ್ಡ ಟ್ಯಾಂಕು ನಿಧಾನವಾಗಿ ಕಾಯುತ್ತದೆ.

ಹೀಟ್ ಪಂಪ್ ಬೇರೆಯೇ ಜಾತಿಯದು. ಅದು ವಿದ್ಯುತ್ತನ್ನು ನೇರವಾಗಿ ಶಾಖವಾಗಿಸುವುದಿಲ್ಲ. ಕಂಪ್ರೆಸರ್ ನಡೆಸಿ ಹೊರಗಿನ ಗಾಳಿಯಲ್ಲಿರುವ ಶಾಖವನ್ನು ನೀರಿಗೆ ಸಾಗಿಸುತ್ತದೆ. ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಮೂರು ಯೂನಿಟ್ಟಿನಷ್ಟು ಶಾಖ ಸಿಗುವುದು ಹೀಗೆ. ಬೆಲೆ ಹೆಚ್ಚು, ಜಾಗವೂ ಬೇಕು. ಹೋಟೆಲು, ಹಾಸ್ಟೆಲು, ಆಸ್ಪತ್ರೆಗಳಂತೆ ದಿನವಿಡೀ ಬಿಸಿನೀರು ಬೇಕಾದ ಕಡೆ ಇದು ಹೊಂದುತ್ತದೆ.

ಯೂನಿಟ್ಟಿನ ಲೆಕ್ಕ

ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಕಾಯಿಸಲು ಒಂದು ಕಿಲೋಕ್ಯಾಲೊರಿ ಶಾಖ ಬೇಕು. ಒಂದು ಯೂನಿಟ್ 860 ಕಿಲೋಕ್ಯಾಲೊರಿ ಆದ್ದರಿಂದ ಸೂತ್ರ ಬಹಳ ಸರಳ: ಲೀಟರನ್ನು ಏರಬೇಕಾದ ಡಿಗ್ರಿಯಿಂದ ಗುಣಿಸಿ 860ರಿಂದ ಭಾಗಿಸಿದರೆ ಬೇಕಾಗುವ ಯೂನಿಟ್ ಸಿಗುತ್ತದೆ. ಸೂತ್ರದಲ್ಲಿ ವ್ಯಾಟಿಗೆ ಜಾಗವೇ ಇಲ್ಲ ಎಂಬುದನ್ನು ಗಮನಿಸಬೇಕು. ಈ ವಿಷಯದ ತಿರುಳು ಅದೇ.

20 ಲೀಟರಿನ ಒಂದು ಬಕೆಟ್ ನೀರು 22 ಡಿಗ್ರಿಯಲ್ಲಿದೆ, 45ಕ್ಕೆ ಏರಬೇಕು ಎನ್ನೋಣ. 20ನ್ನು 23ರಿಂದ ಗುಣಿಸಿ 860ರಿಂದ ಭಾಗಿಸಿದರೆ 0.53 ಯೂನಿಟ್. 1,500 ವ್ಯಾಟಿನ ರಾಡಿಗೆ ಇದಕ್ಕೆ 21 ನಿಮಿಷ ಬೇಕು, 1,000 ವ್ಯಾಟಿನದಕ್ಕೆ 32 ನಿಮಿಷ. ಮೀಟರ್ ಎರಡೂ ಸಲ ಓಡುವುದು ಅಷ್ಟೇ ದೂರ. ಚಿಕ್ಕ ರಾಡು ಹೆಚ್ಚು ಹೊತ್ತು ತೆಗೆದುಕೊಳ್ಳುವಾಗ ತೆರೆದ ಬಕೆಟ್ಟಿನಿಂದ ಆವಿಯಾಗಿ ಹೋಗುವ ಶಾಖವನ್ನೂ ಸೇರಿಸಿದರೆ ಅದರ ಖರ್ಚು ತುಸು ಹೆಚ್ಚೇ ಆದೀತು. ಬಕೆಟ್ಟಿನ ಮೇಲೊಂದು ಮುಚ್ಚಳ ಇದ್ದರೆ ಈ ನಷ್ಟ ತಗ್ಗುತ್ತದೆ.

15 ಲೀಟರಿನ ಗೀಸರಿನಲ್ಲಿ ನೀರು 25ರಿಂದ 60 ಡಿಗ್ರಿಗೆ ಕಾಯಲು 0.61 ಯೂನಿಟ್ ಬೇಕು. 2,000 ವ್ಯಾಟಿನಲ್ಲಿ 18 ನಿಮಿಷ. 25 ಲೀಟರಿನ ಟ್ಯಾಂಕು 20ರಿಂದ 60ಕ್ಕೆ ಬರಲು 1.16 ಯೂನಿಟ್, 35 ನಿಮಿಷ. ಮಳೆಗಾಲ ಕಳೆದು ಚಳಿ ಬಿದ್ದಾಗ ಬಿಲ್ಲು ಏರುವುದಕ್ಕೆ ಮುಖ್ಯ ಕಾರಣ ಇಲ್ಲೇ ಇದೆ: ನಲ್ಲಿಯ ನೀರೇ ಆರೇಳು ಡಿಗ್ರಿ ತಣ್ಣಗಾಗಿರುತ್ತದೆ, ಸಾಲದ್ದಕ್ಕೆ ಸ್ನಾನಕ್ಕೆ ಇನ್ನಷ್ಟು ಬಿಸಿ ಬೇಕೆನಿಸುತ್ತದೆ.

60 ಡಿಗ್ರಿಯ ನೀರನ್ನು ಯಾರೂ ನೇರ ಮೈಮೇಲೆ ಸುರಿದುಕೊಳ್ಳುವುದಿಲ್ಲ. ಅದಕ್ಕೆ 22 ಡಿಗ್ರಿಯ ತಣ್ಣೀರು ಬೆರೆಸಿ 40 ಡಿಗ್ರಿಗೆ ಹದ ಮಾಡಿದರೆ, 20 ಲೀಟರ್ ಹದವಾದ ನೀರಿನಲ್ಲಿ ಗೀಸರಿನಿಂದ ಬಂದದ್ದು ಒಂಬತ್ತೂವರೆ ಲೀಟರ್ ಮಾತ್ರ. ಹೀಗಾಗಿ 15 ಲೀಟರಿನ ಟ್ಯಾಂಕು ಒಂದೂವರೆ ಬಕೆಟ್ ಸ್ನಾನದ ನೀರು ಕೊಡುತ್ತದೆ. ಬಳಸುತ್ತಿರುವಾಗ ಒಳಬರುವ ತಣ್ಣೀರು ಒಳಗಿನದರೊಡನೆ ಬೆರೆಯುವುದರಿಂದ ವಾಸ್ತವದಲ್ಲಿ ಸ್ವಲ್ಪ ಕಡಿಮೆ.

ಸ್ನಾನದ ಪದ್ಧತಿಯಿಂದ ಆಗುವ ವ್ಯತ್ಯಾಸ ಗೀಸರಿನ ಮಾದರಿಯಿಂದ ಆಗುವುದಕ್ಕಿಂತ ಎಷ್ಟೋ ಪಾಲು ದೊಡ್ಡದು. ಒಂದು ಬಕೆಟ್ ಸ್ನಾನಕ್ಕೆ, ನೀರು 22ರಿಂದ 40ಕ್ಕೆ ಏರಲು, 0.42 ಯೂನಿಟ್. ನಿಮಿಷಕ್ಕೆ 10 ಲೀಟರ್ ಸುರಿಯುವ ಷವರಿನ ಕೆಳಗೆ 8 ನಿಮಿಷ ನಿಂತರೆ 80 ಲೀಟರ್, 1.67 ಯೂನಿಟ್. ನಾಲ್ಕು ಜನರ ಮನೆಯಲ್ಲಿ ದಿನಕ್ಕೊಂದು ಬಕೆಟ್ಟಿನಂತೆ ಲೆಕ್ಕ ಹಿಡಿದರೆ ತಿಂಗಳಿಗೆ ಸುಮಾರು 50 ಯೂನಿಟ್, ಎಲ್ಲರೂ ಷವರ್ ಬಳಸಿದರೆ 200.

ಇನ್‌ಸ್ಟಂಟ್ ಗೀಸರಿಗೂ ಇದೇ ಸೂತ್ರ. 3,000 ವ್ಯಾಟಿನ ಸಾಧನ ನೀರನ್ನು 20 ಡಿಗ್ರಿ ಏರಿಸಬೇಕಾದರೆ ನಿಮಿಷಕ್ಕೆ ಎರಡು ಲೀಟರಿಗಿಂತ ತುಸು ಹೆಚ್ಚು ನೀರನ್ನು ಮಾತ್ರ ಕೊಡಬಲ್ಲದು. ಬಕೆಟ್ ತುಂಬಲು ಒಂಬತ್ತು ನಿಮಿಷ ಬೇಕು. ನಲ್ಲಿಯನ್ನು ಪೂರ್ತಿ ತಿರುಗಿಸಿದರೆ ನೀರು ಉಗುರುಬೆಚ್ಚಗೆ ಬರುವುದು ಇದರಿಂದ, ಸಾಧನ ಕೆಟ್ಟಿದ್ದರಿಂದಲ್ಲ.

ವೋಲ್ಟೇಜ್ ಇಳಿದಾಗ

ಕಾಯಿಲಿನ ರೋಧ ಹೆಚ್ಚುಕಡಿಮೆ ಬದಲಾಗುವುದಿಲ್ಲ, ಹಾಗಾಗಿ ಸಾಮರ್ಥ್ಯ ವೋಲ್ಟೇಜಿನ ವರ್ಗವನ್ನು ಅನುಸರಿಸುತ್ತದೆ. 230 ವೋಲ್ಟಿನಲ್ಲಿ 2,000 ವ್ಯಾಟಿನ ಗೀಸರ್ 200 ವೋಲ್ಟಿನಲ್ಲಿ 1,510 ವ್ಯಾಟಿಗೆ, 180 ವೋಲ್ಟಿನಲ್ಲಿ 1,225 ವ್ಯಾಟಿಗೆ ಇಳಿಯುತ್ತದೆ. ಹಳ್ಳಿಯ ಲೈನಿನ ಕೊನೆಯ ಮನೆಗಳಲ್ಲಿ ನೀರು ಕಾಯಲು ಒಂದೂವರೆ ಪಟ್ಟಿಗೂ ಹೆಚ್ಚು ಹೊತ್ತು ಹಿಡಿಯುವುದು ಹೀಗೆ. ಖರ್ಚಾಗುವ ಯೂನಿಟ್ ಮಾತ್ರ ಬಹುತೇಕ ಅಷ್ಟೇ. ಮೋಟಾರಿರುವ ಸಾಧನಗಳಂತೆ ಕಡಿಮೆ ವೋಲ್ಟೇಜಿಗೆ ಕಾಯಿಲ್ ಸುಡುವುದಿಲ್ಲ.

ನಿಂತ ನೀರಿನ ಶಾಖನಷ್ಟ

ಕಾಯಿಲಿನಲ್ಲಿ ವಿದ್ಯುತ್ತು ಪೂರ್ತಿಯಾಗಿ ಶಾಖವಾಗುತ್ತದೆ, ಅಲ್ಲಿ ಉಳಿಸಲು ಏನೂ ಇಲ್ಲ. ಉಳಿತಾಯಕ್ಕೆ ಅವಕಾಶವಿರುವುದು ಕಾದ ಮೇಲೆ. ಟ್ಯಾಂಕಿನಲ್ಲಿ ನಿಂತ ಬಿಸಿನೀರು ಕವಚದ ಮೂಲಕ ಶಾಖ ಕಳೆದುಕೊಳ್ಳುತ್ತಿರುತ್ತದೆ, ಸ್ವಿಚ್ ಹಾಕಿಯೇ ಇದ್ದರೆ ಥರ್ಮೋಸ್ಟ್ಯಾಟ್ ಆಗಾಗ ಕಾಯಿಲ್ ಹೊತ್ತಿಸಿ ಆ ನಷ್ಟ ತುಂಬುತ್ತದೆ. ಭಾರತದಲ್ಲಿ ಇಂಧನ ದಕ್ಷತಾ ಬ್ಯೂರೋ ಟ್ಯಾಂಕಿನ ಗೀಸರುಗಳಿಗೆ ಕೊಡುವ ನಕ್ಷತ್ರಗಳು ಅಳೆಯುವುದು ಇದನ್ನೇ: ಒಳಗಿನ ನೀರಿಗೂ ಹೊರಗಿನ ಗಾಳಿಗೂ 45 ಡಿಗ್ರಿ ಅಂತರವಿರುವಾಗ 24 ಗಂಟೆಯಲ್ಲಿ ಎಷ್ಟು ಯೂನಿಟ್ ನಷ್ಟವಾಗುತ್ತದೆ ಎಂಬುದು. ಲೇಬಲ್ಲಿನಲ್ಲಿ ಆ ಸಂಖ್ಯೆ 0.6 ಎಂದಿದ್ದು ಗೀಸರನ್ನು ಹಗಲೂ ರಾತ್ರಿ ಆರಿಸದೆ ಬಿಟ್ಟರೆ, ಒಂದು ಚೊಂಬು ನೀರು ಬಳಸದಿದ್ದರೂ ತಿಂಗಳಿಗೆ 18 ಯೂನಿಟ್ ಹೋಗುತ್ತದೆ. ಸ್ನಾನಕ್ಕೆ ಮುಂಚೆ ಇಪ್ಪತ್ತು ನಿಮಿಷ ಹಾಕಿ ಆರಿಸುವ ಮನೆಯಲ್ಲಿ ಐದು ನಕ್ಷತ್ರಕ್ಕೂ ಮೂರಕ್ಕೂ ಬಿಲ್ಲಿನಲ್ಲಿ ಹೇಳಿಕೊಳ್ಳುವಂಥ ಭೇದ ಕಾಣುವುದಿಲ್ಲ.

ಆರಿಸಿ ಮತ್ತೆ ಕಾಯಿಸುವುದಕ್ಕಿಂತ ಹಾಕಿಯೇ ಬಿಡುವುದು ಅಗ್ಗ ಎಂಬ ಮಾತು ಭೌತವಿಜ್ಞಾನದ ಪ್ರಕಾರ ಸರಿಯಲ್ಲ. ಒಳಹೊರಗಿನ ಉಷ್ಣತೆಯ ಅಂತರ ಹೆಚ್ಚಿದಷ್ಟೂ ನಷ್ಟ ಹೆಚ್ಚು. ಆರಿಸಿದ ಟ್ಯಾಂಕು ತಣ್ಣಗಾಗುತ್ತ ಹೋದಂತೆ ಕಳೆದುಕೊಳ್ಳುವ ಶಾಖವೂ ಕಡಿಮೆಯಾಗುತ್ತದೆ. ಥರ್ಮೋಸ್ಟ್ಯಾಟನ್ನು 50 ಡಿಗ್ರಿಗೆ ಇಳಿಸುವುದರಿಂದಲೂ ನಷ್ಟ ತಗ್ಗುತ್ತದೆ. ಆದರೆ ಬೆಚ್ಚಗಿನ ನೀರನ್ನು ದಿನಗಟ್ಟಲೆ ನಿಲ್ಲಿಸುವ ದೊಡ್ಡ ವ್ಯವಸ್ಥೆಗಳಲ್ಲಿ ಲೀಜಿಯೊನೆಲ್ಲ ಬ್ಯಾಕ್ಟೀರಿಯ ಬೆಳೆಯದಂತೆ 60 ಡಿಗ್ರಿಯಲ್ಲಿ ಇಡುವುದು ರೂಢಿ.

ಕೊಳವೆಯಲ್ಲಿ ಆಗುವ ನಷ್ಟವನ್ನು ಹೆಚ್ಚಿನವರು ಎಣಿಸುವುದೇ ಇಲ್ಲ. ಒಳವ್ಯಾಸ 15 ಮಿಲಿಮೀಟರಿನ 10 ಮೀಟರ್ ಪೈಪಿನಲ್ಲಿ ಸುಮಾರು 1.8 ಲೀಟರ್ ನೀರು ನಿಂತಿರುತ್ತದೆ. ಪ್ರತಿಸಲ ನಲ್ಲಿ ನಿಲ್ಲಿಸಿದಾಗ ಆ ಬಿಸಿನೀರು ಗೋಡೆಯೊಳಗೆ ಆರಿಹೋಗುತ್ತದೆ. ಅಡುಗೆಮನೆಯ ಸಿಂಕಿಗೆ ದೂರದ ಬಚ್ಚಲಿನ ಗೀಸರಿನಿಂದ ಪೈಪ್ ಎಳೆಯುವುದಕ್ಕಿಂತ ಅಲ್ಲೇ ಒಂದು ಚಿಕ್ಕ ಇನ್‌ಸ್ಟಂಟ್ ಗೀಸರ್ ಹಾಕುವುದು ಲೇಸು.

ಗಡಸು ನೀರು

ಬೋರ್‌ವೆಲ್ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಲವಣ ಕಾದಾಗ ಬೇರ್ಪಟ್ಟು ಕಾಯಿಲಿನ ಮೇಲೆ ಬಿಳಿ ಹೊಪ್ಪಳೆಯಾಗಿ ಕೂರುತ್ತದೆ. ಇದರಿಂದ ಕರೆಂಟು ವಿಪರೀತ ಹೆಚ್ಚುತ್ತದೆ ಎಂಬ ಹೇಳಿಕೆ ಸಾಮಾನ್ಯ. ಮುಳುಗಿರುವ ಕಾಯಿಲಿನಿಂದ ಹೊರಟ ಶಾಖಕ್ಕೆ ನೀರಿನ ಹೊರತು ಬೇರೆ ದಾರಿಯಿಲ್ಲವಾದ್ದರಿಂದ ಯೂನಿಟ್ ಅಷ್ಟೇನೂ ಏರುವುದಿಲ್ಲ. ಹಾನಿಯಾಗುವುದು ಕಾಯಿಲಿಗೆ. ಹೊಪ್ಪಳೆ ಶಾಖವನ್ನು ತಡೆಹಿಡಿಯುವುದರಿಂದ ಕಾಯಿಲಿನ ಕೊಳವೆ ಅತಿಯಾಗಿ ಕಾದು ಬಿರುಕು ಬಿಡುತ್ತದೆ, ನೀರು ಒಳನುಗ್ಗಿ ಕರೆಂಟು ಸೋರತೊಡಗುತ್ತದೆ. ಒಂದೆರಡು ವರ್ಷಕ್ಕೊಮ್ಮೆ ಬಿಚ್ಚಿಸಿ ಹೊಪ್ಪಳೆ ತೆಗೆಸಬೇಕು, ಮೆಗ್ನೀಸಿಯಂ ಸಲಾಕೆ ಸವೆದಿದ್ದರೆ ಬದಲಿಸಬೇಕು.

ವೈರಿಂಗ್ ಮತ್ತು ಸುರಕ್ಷತೆ

2,000 ವ್ಯಾಟಿನ ಗೀಸರ್ 8.7 ಆಂಪಿಯರ್, 3,000 ವ್ಯಾಟಿನದು 13 ಆಂಪಿಯರ್ ಎಳೆಯುತ್ತದೆ. ಎರಡಕ್ಕೂ 16 ಆಂಪಿಯರಿನ ಪವರ್ ಪಾಯಿಂಟ್ ಬೇಕು; ದೀಪ, ಫ್ಯಾನುಗಳ 6 ಆಂಪಿಯರ್ ಸಾಕೆಟ್ಟಿಗೆ ಅಡಾಪ್ಟರ್ ಸಿಕ್ಕಿಸಿ ನಡೆಸುವುದು ಬೆಂಕಿಗೆ ದಾರಿ. ಬೋರ್ಡಿನಿಂದ ನೇರವಾಗಿ ಬರುವ 2.5 ಅಥವಾ 4 ಚದರ ಮಿಲಿಮೀಟರಿನ ತಾಮ್ರದ ವೈರ್ ಬಳಸುವುದು ವಾಡಿಕೆ.

ಪ್ಲಗ್ಗಿನ ಪಿನ್ ಸಡಿಲವಾಗಿದ್ದರೆ ಏನಾಗುತ್ತದೆಂಬುದನ್ನೂ ಜೂಲನ ನಿಯಮ ಹೇಳುತ್ತದೆ. ಸಡಿಲ ಸಂಪರ್ಕದಲ್ಲಿ ಓಮಿನ ಐದನೇ ಒಂದು ಭಾಗದಷ್ಟು ರೋಧವಿದ್ದರೂ 8.7 ಆಂಪಿಯರ್ ಹರಿಯುವಾಗ ಆ ಒಂದೇ ಬಿಂದುವಿನಲ್ಲಿ 15 ವ್ಯಾಟ್ ಶಾಖ ಹುಟ್ಟುತ್ತದೆ. ಸಾಕೆಟ್ಟು ಕಂದಾಗುವುದು, ಪ್ಲಾಸ್ಟಿಕ್ ಸುಟ್ಟ ವಾಸನೆ ಬರುವುದು ಇದರ ಗುರುತು. ಕಂಡ ಕೂಡಲೇ ಬದಲಿಸಬೇಕು.

ನೀರು ಮತ್ತು ವಿದ್ಯುತ್ ಜೊತೆಗಿರುವ ಜಾಗದಲ್ಲಿ ಅರ್ಥಿಂಗ್ ಇಲ್ಲದ ಗೀಸರ್ ಪ್ರಾಣಾಪಾಯಕಾರಿ. 30 ಮಿಲಿಆಂಪಿಯರ್ ಸೋರಿಕೆಗೆ ಸಂಪರ್ಕ ಕಡಿಯುವ ಆರ್‌ಸಿಸಿಬಿ ಸಹ ಇರಬೇಕು. ಟ್ಯಾಂಕಿನ ಗೀಸರುಗಳಿಗೆ ಐಎಸ್ 2082 ಎಂಬ ಭಾರತೀಯ ಮಾನಕವಿದೆ, ಐಎಸ್‌ಐ ಗುರುತು ನೋಡಿ ಕೊಳ್ಳಬೇಕು. ಹೀಟರ್ ರಾಡಿನ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚಿರಬೇಕು: ಗುರುತಿನವರೆಗೆ ಮುಳುಗಿದ ಮೇಲೆಯೇ ಸ್ವಿಚ್ ಹಾಕಬೇಕು, ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟಬೇಕು, ಲೋಹದ ಬಕೆಟ್ ಬಳಸಬಾರದು. ಬಿಸಿ ನೋಡಲೆಂದು ಬೆರಳಿಡುವ ಅಭ್ಯಾಸ ಜೀವ ತೆಗೆದಿರುವುದುಂಟು.

ಕೊಠಡಿ ಹೀಟರ್

ಉತ್ತರ ಭಾರತದ ಚಳಿಗಾಲದಲ್ಲಿ, ಕರ್ನಾಟಕದಲ್ಲಿ ಕೊಡಗಿನಂಥ ಕಡೆ ಬಳಕೆಯಾಗುವ ಕೊಠಡಿ ಹೀಟರುಗಳಿಗೂ ಇದೇ ನಿಯಮ ಅನ್ವಯ. ಫ್ಯಾನ್ ಹೀಟರ್, ಕೆಂಪಗೆ ಹೊಳೆಯುವ ರಾಡಿನ ಹೀಟರ್, ಎಣ್ಣೆ ತುಂಬಿದ ರೇಡಿಯೇಟರ್ ಯಾವುದೇ ಆದರೂ 1,000 ವ್ಯಾಟಿನದು ಗಂಟೆಗೆ ಒಂದು ಯೂನಿಟ್ ತೆಗೆದುಕೊಂಡು ಒಂದು ಯೂನಿಟ್ಟಿನಷ್ಟೇ ಶಾಖ ಕೊಡುತ್ತದೆ. ಕೆಂಪು ರಾಡು ಎದುರು ಕೂತವರನ್ನು ತಕ್ಷಣ ಬೆಚ್ಚಗಾಗಿಸುತ್ತದೆ, ಎಣ್ಣೆಯದು ಕೋಣೆಯನ್ನು ನಿಧಾನವಾಗಿ ಕಾಯಿಸಿ ಆರಿಸಿದ ಮೇಲೂ ಬಿಸಿ ಹಿಡಿದಿರುತ್ತದೆ, ಭೇದ ಅಷ್ಟೇ.

ಕರ್ನಾಟಕದಲ್ಲಿ ಇಂದಿನ ಸ್ಥಿತಿ

ಬಿಲ್ಲಿನಲ್ಲಿ ಗೀಸರ್ ಎರಡು ಕಡೆ ಪರಿಣಾಮ ಬೀರುತ್ತದೆ. ಯೂನಿಟ್ ಶುಲ್ಕ ಬಳಸಿದ ಶಕ್ತಿಯನ್ನು ಅನುಸರಿಸಿದರೆ, ನಿಗದಿತ ಶುಲ್ಕ ಮಂಜೂರಾದ ಕಿಲೋವ್ಯಾಟ್ ಲೋಡನ್ನು ಅನುಸರಿಸುತ್ತದೆ. ಇಲ್ಲಿ ಮಾತ್ರ ಸಾಮರ್ಥ್ಯಕ್ಕೆ ನೇರವಾಗಿ ಹಣ ತೆರಬೇಕಾಗುತ್ತದೆ: ಒಂದೇ ಹೊತ್ತಿಗೆ ಎರಡು ಗೀಸರ್ ಹೊತ್ತಿದರೆ ಮನೆಯ ಬೇಡಿಕೆ 4 ಕಿಲೋವ್ಯಾಟ್ ದಾಟುತ್ತದೆ, ಒಂದಾದ ಮೇಲೊಂದು ಹಾಕಿದರೆ ದಾಟುವುದಿಲ್ಲ. ಬಳಸಿದ ಯೂನಿಟ್ ಎರಡೂ ರೀತಿಯಲ್ಲಿ ಒಂದೇ.

2023ರ ಜುಲೈನಿಂದ ಜಾರಿಯಲ್ಲಿರುವ, ಮನೆಗಳಿಗೆ ಉಚಿತ ವಿದ್ಯುತ್ ಕೊಡುವ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್ ಮೇಲ್ಮಿತಿ. ಆ ಗೆರೆ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಗೆರೆಯ ಹತ್ತಿರವಿರುವ ಮನೆಗಳು ಡಿಸೆಂಬರ್, ಜನವರಿಯಲ್ಲಿ ಅದನ್ನು ದಾಟುವಂತೆ ಮಾಡುವ ಸಾಧನಗಳಲ್ಲಿ ಗೀಸರ್ ಮೊದಲನೆಯದು. ಗ್ರಿಡ್ಡಿಗೂ ಇದು ಭಾರ. ಎಲ್ಲ ಮನೆಗಳಲ್ಲೂ ಬಹುತೇಕ ಒಂದೇ ಹೊತ್ತಿಗೆ ಹೊತ್ತುವುದರಿಂದ ರಾಜ್ಯದ ಬೆಳಗಿನ ಗರಿಷ್ಠ ಬೇಡಿಕೆಯಲ್ಲಿ ಗೀಸರಿನ ಪಾಲು ಗಣನೀಯ, ಸೂರ್ಯ ಇನ್ನೂ ಏರುತ್ತಿರುವ ಆ ಹೊತ್ತಿನಲ್ಲಿ ಸೌರವಿದ್ಯುತ್ತಿನ ನೆರವೂ ಪೂರ್ತಿ ಸಿಗುವುದಿಲ್ಲ. ಭಾರತದ ಗ್ರಿಡ್ಡಿನಲ್ಲಿ ಒಂದು ಯೂನಿಟ್ ಉತ್ಪಾದನೆಗೆ ಸರಾಸರಿ 0.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಕಲ್ಲಿದ್ದಲಿನ ಶಾಖದಲ್ಲಿ ಮೂರನೇ ಒಂದು ಪಾಲಿನಷ್ಟನ್ನು ಮಾತ್ರ ವಿದ್ಯುತ್ತಾಗಿಸಿ, ಅದನ್ನು ಮತ್ತೆ ಬಚ್ಚಲಿನಲ್ಲಿ ಬರಿಯ ಶಾಖವಾಗಿಸುವುದು ದುಬಾರಿ ಮಾರ್ಗ.

ಈ ಕಾರಣಕ್ಕೇ ರಾಜ್ಯ ಸರ್ಕಾರ 2007ರಲ್ಲಿ ನಿಗದಿತ ವಿಸ್ತೀರ್ಣಕ್ಕಿಂತ ದೊಡ್ಡ ಹೊಸ ಮನೆಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ ಮಾಡಿತು. ಅಳವಡಿಸಿದವರಿಗೆ ಯೂನಿಟ್ಟಿಗೆ 50 ಪೈಸೆಯಂತೆ ತಿಂಗಳಿಗೆ ಗರಿಷ್ಠ 50 ರೂಪಾಯಿ ರಿಯಾಯಿತಿಯೂ ದೊರೆಯುತ್ತ ಬಂತು. ಬೆಂಗಳೂರಿನ ತಾರಸಿಗಳ ಮೇಲೆ ಇಂದು ಕಾಣುವ ಟ್ಯಾಂಕುಗಳ ಸಾಲಿಗೆ ಈ ನಿಯಮವೂ ಕಾರಣ. 100 ಲೀಟರಿನ ಸೋಲಾರ್ ಹೀಟರ್ ಬಿಸಿಲಿರುವ ದಿನ ನೀರನ್ನು 25ರಿಂದ 60 ಡಿಗ್ರಿಗೆ ತಂದರೆ ನಾಲ್ಕು ಯೂನಿಟ್ ಉಳಿಸಿದಂತೆ. ಮೋಡದ ದಿನಗಳಿಗೆಂದು ಅದೇ ಟ್ಯಾಂಕಿನಲ್ಲಿ 2,000 ವ್ಯಾಟಿನ ಬ್ಯಾಕಪ್ ಕಾಯಿಲ್ ಇರುತ್ತದೆ. ಅದರ ಸ್ವಿಚ್ಚನ್ನು ವರ್ಷವಿಡೀ ಹಾಕಿಟ್ಟರೆ ರಾತ್ರಿ ತಣ್ಣೀರು ತುಂಬಿದ ಟ್ಯಾಂಕನ್ನು ಬಿಸಿಲು ಬರುವ ಮೊದಲೇ ವಿದ್ಯುತ್ತು ಕಾಯಿಸಿಬಿಡುತ್ತದೆ. ಬ್ಯಾಕಪ್ಪಿಗೆ ಪ್ರತ್ಯೇಕ ಸ್ವಿಚ್ಚನ್ನು ತಾರಸಿಯಲ್ಲಲ್ಲದೆ ಮನೆಯೊಳಗೆ, ಉರಿಯುತ್ತಿರುವುದು ಕಾಣುವಂತೆ ಸೂಚಕ ದೀಪದೊಡನೆ ಕೂರಿಸುವುದು ಸರಿಯಾದ ಕ್ರಮ.